ಮಾವನವರ ಆಫ್ಟರ್‌ಶೇವ್‌ಗೆ ಬರೆದ ಚೀಟಿ

ನಮ್ಮ ಮಾವನವರಿಗೆ ಈಗ 83 ವರ್ಷ. ಮುಂಬಯಿ ಹತ್ತಿರದ ಡೊಂಬಿವಲಿಯ ಈ ಮನೆಯಲ್ಲಿ ಅವರು ಇಂದಿಗೂ ಬೆಳಿಗ್ಗೆ ಆರೂವರೆಗೆ ಕಿಟಕಿಯ ಹತ್ತಿರ ಕನ್ನಡಿ ಇಟ್ಟುಕೊಂಡು ತಮ್ಮ ದಾಡಿಯನ್ನು ತಾವೇ ಮಾಡಿಕೊಳ್ಳುತ್ತಾರೆ, ಮುಖ ತೊಳೆದು, ಅಂಗೈಗೆ ನಾಲ್ಕು ಹನಿ ಆಫ್ಟರ್‌ಶೇವ್ ಸುರಿದುಕೊಂಡು, ಎರಡೂ ಕೈಗಳಿಂದ ಕೆನ್ನೆಗೆ ತಟ್ಟಿಕೊಳ್ಳುತ್ತಾರೆ. ಆ ತಟ್ಟುವ ಸದ್ದು ಕೇಳಿದ ಮೇಲೆಯೇ ನಾನು ಚಹಾಕ್ಕೆ ನೀರಿಡುವುದು. ಕಳೆದ ಮೂರು ವರ್ಷಗಳಿಂದ ಅವರ ಕೈ ಸ್ವಲ್ಪ ನಡುಗುತ್ತದೆ. ಕ್ರಾಫರ್ಡ್ ಮಾರ್ಕೆಟ್ಟಿನಿಂದ ನನ್ನ ಯಜಮಾನರು ತರುವ, ಸಲೂನ್‌ನವರು ಕೊಳ್ಳುವ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ ಅವರ ಕೈಗೆ ಭಾರ, ಅದರ ಬಾಯಿಯೂ ಅಗಲ. ನಾಲ್ಕು ಹನಿಯ ಬದಲು ಅರ್ಧ ಅಂಗೈ ತುಂಬಿ, ಮೊಣಕೈವರೆಗೆ ಹರಿದು, ಉಳಿದದ್ದು ನೆಲಕ್ಕೆ ಹೋಗುತ್ತಿತ್ತು. ಹೀಗೆ ದೊಡ್ಡ ಬಾಟಲಿಯಿಂದ ಸಣ್ಣ ಗಾಜಿನ ಶೀಶೆಗಳಿಗೆ ಅದನ್ನು ತುಂಬಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತು.

ಅವರ ಬಳಿ ಒಂದು ಬಿಳಿಯ ಶೀಶೆ ಇದೆ. ಓಲ್ಡ್ ಸ್ಪೈಸ್‌ನದು, 1980ರ ದಶಕದಲ್ಲಿ ಧಾರವಾಡದಿಂದ ಮುಂಬಯಿಗೆ ಬಂದು ನೌಕರಿ ಸೇರಿದ ಹೊಸತರಲ್ಲಿ ಕೊಂಡದ್ದಂತೆ. ಅಮೆರಿಕದ ಶಲ್ಟನ್ ಎಂಬ ಕಂಪನಿ 1938ರಲ್ಲಿ ಗಂಡಸರಿಗಾಗಿ ಹೊರತಂದ ಸರಕು ಅದು, ಆಗಿನಿಂದಲೂ ಅದರ ಗುರುತು ಹಾಯಿಹಡಗು. ಹಾಲಿನಂಥ ಗಾಜಿನ ಮೇಲೆ ಹಡಗಿನ ಚಿತ್ರವನ್ನೂ ಹೆಸರನ್ನೂ ನೇರವಾಗಿ ಅಚ್ಚೊತ್ತಿದ್ದಾರೆ, ಕಾಗದದ ಚೀಟಿಯೇ ಇಲ್ಲ. ನಲವತ್ತು ವರ್ಷ ಒದ್ದೆ ಕೈಯಲ್ಲಿ ಹಿಡಿದರೂ ಆ ಹಡಗಿನ ಒಂದು ಹಾಯಿ ಮಾತ್ರ ಸ್ವಲ್ಪ ಮಾಸಿದೆ. ಅದರಲ್ಲೇ ತುಂಬಿಸಿಕೊಡು ಎಂದು ಮಾವನವರು ಮೊದಲು ಕೇಳಿದ್ದರು. ಆದರೆ ಅದರ ಕಂಠದ ಅಂಚು ಒಡೆದು ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಆಫ್ಟರ್‌ಶೇವಿನಲ್ಲಿರುವ ಆಲ್ಕೋಹಾಲು ಅಂಥ ಸಂದಿನಿಂದ ಒಂದೆರಡು ತಿಂಗಳಲ್ಲಿ ಹಾರಿಹೋಗಿ, ನೀರು ಮತ್ತು ಗ್ಲಿಸರಿನ್ನಿನ ಅಂಟುಜಿಗುಟು ಮಾತ್ರ ತಳದಲ್ಲಿ ಉಳಿಯುತ್ತದೆ. ಆ ಶೀಶೆ ಈಗ ಕನ್ನಡಿಯ ಪಕ್ಕದಲ್ಲಿ ಬರಿದಾಗಿಯೇ ನಿಂತಿದೆ.

ಆಗ ನಾನು ಮಾಡಿದ ತಪ್ಪನ್ನು ಹೇಳಲೇಬೇಕು, ಏಕೆಂದರೆ ಈ ಬರಹದ ಕಾರಣವೇ ಅದು. ಮನೆಯಲ್ಲಿ ಕೆಮ್ಮಿನ ಔಷಧದ 100 ಮಿಲಿಲೀಟರಿನ ಕಂದು ಗಾಜಿನ ಬಾಟಲಿಗಳಿದ್ದವು. ಕಂದು ಗಾಜು ಇಂಥ ದ್ರವಕ್ಕೆ ಬಹಳ ಒಳ್ಳೆಯದು: ಕಬ್ಬಿಣ, ಗಂಧಕ ಮತ್ತು ಇಂಗಾಲ ಸೇರಿ ಗಾಜಿಗೆ ಆ ಬಣ್ಣ ಬರುತ್ತದೆ, ಆ ಗಾಜು ನೇರಳಾತೀತ ಕಿರಣಗಳನ್ನೂ ನೀಲಿ ಬೆಳಕಿನ ಬಹುಭಾಗವನ್ನೂ ಒಳಗೆ ಬಿಡುವುದಿಲ್ಲ. ಆಫ್ಟರ್‌ಶೇವಿನ ಪರಿಮಳಕ್ಕೆ ಹಾಕುವ ನಿಂಬೆ, ಕಿತ್ತಳೆ ಜಾತಿಯ ತೈಲಗಳಲ್ಲಿ ಲಿಮೋನೀನ್ ಎಂಬ ವಸ್ತುವಿರುತ್ತದೆ. ಗಾಳಿ ಮತ್ತು ಬೆಳಕಿಗೆ ಸಿಕ್ಕು ಅದು ಕೆಟ್ಟರೆ ವಾಸನೆ ಕೆಡುವುದಷ್ಟೇ ಅಲ್ಲ, ಕೆಲವರ ಚರ್ಮಕ್ಕೆ ತುರಿಕೆಯೂ ಬರುತ್ತದೆ. ಇಷ್ಟೆಲ್ಲ ಯೋಚಿಸಿ ಕಂದು ಬಾಟಲಿಯನ್ನೇ ಆರಿಸಿಕೊಂಡೆ. ಚೀಟಿಯ ಬಗ್ಗೆ ಮಾತ್ರ ಯೋಚಿಸಲಿಲ್ಲ. ಒಂದು ತುಂಡು ಕಾಗದದ ಮೇಲೆ ಬಾಲ್ ಪೆನ್ನಿನಿಂದ ಹೆಸರು ಬರೆದು ಅಂಟಿಸಿದೆ. ಎರಡು ವಾರದಲ್ಲಿ ಸುರಿಯುವಾಗ ಇಳಿದ ಹನಿಗಳು ಅಕ್ಷರಗಳನ್ನು ಕರಗಿಸಿ, ಚೀಟಿಯ ಮೇಲೆ ನೀಲಿ ಕಲೆಯಷ್ಟೇ ಉಳಿಯಿತು.

ಜುಲೈ ತಿಂಗಳ ಒಂದು ರಾತ್ರಿ ಮಾವನವರಿಗೆ ಕೆಮ್ಮು ಎದ್ದಿತು. ಅವರ ಎಡಗಣ್ಣಿನ ಪೊರೆಗೆ ಆಗಿನ್ನೂ ಶಸ್ತ್ರಚಿಕಿತ್ಸೆ ಆಗಿರಲಿಲ್ಲ. ನಮ್ಮನ್ನು ಎಬ್ಬಿಸಬಾರದೆಂದು ದೀಪ ಹಾಕದೆ, ಕಪಾಟಿನಿಂದ ಕಂದು ಬಾಟಲಿ ತೆಗೆದು, ಚಮಚಕ್ಕೆ ಸುರಿದು ಬಾಯಿಯ ಹತ್ತಿರ ತಂದಿದ್ದಾರೆ. ನಾನು ನೀರು ಕುಡಿಯಲೆಂದು ಎದ್ದು ಬಂದಾಗ ಅವರು ಚಮಚವನ್ನು ಹಿಡಿದುಕೊಂಡೇ ನಿಂತಿದ್ದರು. ‘ಇದರ ವಾಸನಿ ಬ್ಯಾರೆ ಅದ ನೋಡವಾ’ ಎಂದರು. ಅಷ್ಟೇ. ಚಮಚವನ್ನು ಅವರ ಕೈಯಿಂದ ತೆಗೆದುಕೊಳ್ಳುವಾಗ ನನ್ನ ಕೈಯೂ ನಡುಗಿತು. ಸೌಂದರ್ಯವರ್ಧಕಗಳಲ್ಲಿ ಬಳಸುವ ಆಲ್ಕೋಹಾಲನ್ನು ಸಾಮಾನ್ಯವಾಗಿ ಯಾರೂ ಕುಡಿಯಬಾರದೆಂದೇ ಬೇರೆ ವಸ್ತುಗಳನ್ನು ಬೆರೆಸಿ ಕೆಡಿಸಿರುತ್ತಾರೆ. ಅಂದು ಅವರನ್ನು ಕಾಪಾಡಿದ್ದು ಅವರ ಮೂಗು. ನೆಗಡಿಯಾಗಿದ್ದರೆ ಅದೂ ಕೆಲಸ ಮಾಡುತ್ತಿರಲಿಲ್ಲ.

ನಾನು 31 ವರ್ಷ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಸಾವಿರಾರು ಶೀಶೆಗಳಿಗೆ ಚೀಟಿ ಅಂಟಿಸಿದ್ದೇನೆ. ಚೀಟಿಯಿಲ್ಲದ ಶೀಶೆಯಲ್ಲಿ ಏನಿದೆ ಎಂದು ಗೊತ್ತಿದ್ದರೂ ಅದನ್ನು ಚೆಲ್ಲಬೇಕು ಎಂಬುದು ಅಲ್ಲಿನ ಕಟ್ಟಳೆ. ಆ ಕಟ್ಟಳೆ ಮನೆಗೆ ಏಕೆ ಬರಲಿಲ್ಲ ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. ಶೀಶೆಯ ಒಳಗೇನಿದೆಯೆಂದು ಬಲ್ಲವಳು ನಾನು, ಆದರೆ ಅದನ್ನು ಕೈಗೆ ತೆಗೆದುಕೊಳ್ಳುವವರು ಬೇರೆ. ಅವರು ಕೇಳಲು ಆಗದ ಹೊತ್ತಿನಲ್ಲಿ ಚೀಟಿ ಅವರಿಗೆ ಉತ್ತರ ಹೇಳಬೇಕು. ಹೀಗಾಗಿ ಮರುದಿನವೇ ಆ ಬಾಟಲಿಯನ್ನು ಬರಿದು ಮಾಡಿ, ಎಲ್ಲವನ್ನೂ ಮೊದಲಿನಿಂದ ಮಾಡಿದೆ.

ಮೊದಲ ನಿರ್ಧಾರ, ಬಾಯಿಗೆ ಹೋಗುವ ವಸ್ತುವಿನ ಬಾಟಲಿ ಬೇಡ ಎಂಬುದು. ಔಷಧದ್ದಾಗಲಿ, ಶರಬತ್ತಿನದಾಗಲಿ, ಮದ್ಯದ್ದಾಗಲಿ, ಎಷ್ಟೇ ಚೆಂದವಿದ್ದರೂ ಅದರ ಆಕಾರವೇ ಕೈಗೆ ಸುಳ್ಳು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ವಿಷವಸ್ತುಗಳನ್ನು ಕಡುನೀಲಿ ಅಥವಾ ಹಸಿರು ಬಣ್ಣದ, ಮೈಮೇಲೆ ಏಣುಗಳಿರುವ ಶೀಶೆಗಳಲ್ಲಿ ಮಾರುತ್ತಿದ್ದರು. ಮೋಂಬತ್ತಿಯ ಮಂದ ಬೆಳಕಿನಲ್ಲಿ ಕಣ್ಣು ತಪ್ಪಿದರೂ ಬೆರಳಿಗೆ ತಿಳಿಯಲಿ ಎಂದು. ಅದೇ ವಿಚಾರವನ್ನು ಇಟ್ಟುಕೊಂಡು ನಮ್ಮ ಓಣಿಯ ರದ್ದಿಯವನ ಅಂಗಡಿಯಲ್ಲಿ ಹುಡುಕಿ, ಸುಗಂಧದ್ರವ್ಯದ ನಾಲ್ಕು ಚಪ್ಪಟೆ ಶೀಶೆಗಳನ್ನು ತಂದೆ. ತಲಾ 60 ಮಿಲಿಲೀಟರು ಹಿಡಿಯುತ್ತವೆ, ಹೆಗಲಿನ ಮೇಲೆ ಉದ್ದುದ್ದ ಗೀರುಗಳಿವೆ, ಒಂದು ಕೈಯಲ್ಲಿ ಹಿಡಿದರೆ ಜಾರುವುದಿಲ್ಲ. ಗಾಜಿಗೆ ಬಣ್ಣವಿಲ್ಲದೆ ಬೆಳಕು ಒಳಗೆ ಹೋಗುವುದರಿಂದ ಮುಚ್ಚಿದ ಕಪಾಟಿನಲ್ಲಿಡುತ್ತೇನೆ, ಬೆಳಕಿನ ಚಿಂತೆ ಅಲ್ಲಿಗೆ ತೀರಿತು.

ಹಳೆಯ ಶೀಶೆಯಲ್ಲಿ ವಾಸನೆ ಉಳಿಯುವುದು ಗಾಜಿನಲ್ಲಲ್ಲ, ಮುಚ್ಚಳದಲ್ಲಿ. ಮುಚ್ಚಳದ ಒಳಗಿನ ಬಿಲ್ಲೆ ರಬ್ಬರಿನದಾಗಿದ್ದರೆ ಅಥವಾ ಬೆಂಡಿನದಾಗಿದ್ದರೆ ಅದು ಹಳೆಯ ಪರಿಮಳವನ್ನು ಹೀರಿಕೊಂಡಿರುತ್ತದೆ, ಹೊಸದನ್ನೂ ಹೀರುತ್ತದೆ. ಪಾಲಿಥಿನ್ ಬಿಲ್ಲೆಯಿರುವ ಮುಚ್ಚಳವೇ ಒಳ್ಳೆಯದು. ಹನಿ ಹಾಕುವ ರಬ್ಬರ್ ಗುಬುಟಿರುವ ಮುಚ್ಚಳ ನಡುಗುವ ಕೈಗೆ ಅನುಕೂಲವೆಂದು ತೋರಿದರೂ ಆಲ್ಕೋಹಾಲಿನ ಆವಿಗೆ ರಬ್ಬರು ಕಾಲಕ್ರಮದಲ್ಲಿ ಕೆಡುವುದರಿಂದ ಅದನ್ನು ಬಿಟ್ಟೆ. ಬದಲಿಗೆ ಮುಗಿದ ಆಫ್ಟರ್‌ಶೇವ್ ಶೀಶೆಗಳ ಕಂಠದಲ್ಲಿರುವ, ನಡುವೆ ಸಣ್ಣ ತೂತಿನ ಪ್ಲಾಸ್ಟಿಕ್ ಒಳಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿ ತೆಗೆದು, ತೊಳೆದು ಇಟ್ಟುಕೊಂಡಿದ್ದೇನೆ. ನಾಲ್ಕರಲ್ಲಿ ಮೂರು ಶೀಶೆಗಳಿಗೆ ಅದು ಸರಿಯಾಗಿ ಕೂತಿತು. ಹನಿ ಹನಿಯಾಗಿಯೇ ಬೀಳುತ್ತದೆ. ಮಾವನವರ ತೊಂದರೆ ನೀಗಿದ್ದು ನಿಜವಾಗಿ ಇದರಿಂದಲೇ.

ಹಳೆಯ ಚೀಟಿ ಕೀಳಲು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಹಾಕಿ, ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಉಜ್ಜಿದರೆ ಸಾಕು. ಒಳಭಾಗಕ್ಕೆ ಬ್ರಷ್ ಹೋಗುವುದಿಲ್ಲ, ಆದ್ದರಿಂದ ಒಂದು ಹಿಡಿ ಅಕ್ಕಿ, ಸ್ವಲ್ಪ ಸೋಪಿನ ನೀರು ಹಾಕಿ ಚೆನ್ನಾಗಿ ಕುಲುಕುತ್ತೇನೆ. ಆಮೇಲೆ ಮೂರು ಸಲ ನೀರು, ಕೊನೆಗೆ ಶುದ್ಧ ಬಟ್ಟೆಯ ಮೇಲೆ ಬೋರಲು ಹಾಕಿ ಎರಡು ದಿನ ಒಣಗಿಸುವುದು. ಮಳೆಗಾಲದಲ್ಲಿ ಮುಂಬಯಿಯ ಗಾಳಿಯಲ್ಲಿ ಎರಡು ದಿನಕ್ಕೆ ಒಣಗುವುದಿಲ್ಲ, ನಾಲ್ಕು ದಿನ ಬೇಕು. ಈ ಒಣಗಿಸುವಿಕೆಯಲ್ಲಿ ಅವಸರ ಮಾಡಬಾರದು. ಡೆಟ್ಟಾಲನ್ನು ನೀರಿಗೆ ಹಾಕಿದರೆ ಹಾಲಿನಂತಾಗುವುದನ್ನು ಎಲ್ಲರೂ ನೋಡಿದ್ದೇವೆ. ಆಲ್ಕೋಹಾಲಿನಲ್ಲಿ ಕರಗಿದ್ದ ತೈಲ ನೀರು ಹೆಚ್ಚಾದೊಡನೆ ಕರಗಿರಲಾರದೆ ಸಣ್ಣ ಹನಿಗಳಾಗಿ ಹೊರಬರುತ್ತದೆ. ಆಫ್ಟರ್‌ಶೇವಿನ ಪರಿಮಳದ ತೈಲಗಳೂ ಹಾಗೆಯೇ. ಶೀಶೆಯ ತಳದಲ್ಲಿ ತೊಳೆದ ನೀರು ಉಳಿದಿದ್ದರೆ ತುಂಬಿಸಿದ್ದು ಮಬ್ಬಾಗುತ್ತದೆ, ಪರಿಮಳವೂ ಒಂದೇ ಹದದಲ್ಲಿರುವುದಿಲ್ಲ. ಪ್ರಯೋಗಾಲಯದಲ್ಲಿ ಬ್ಯೂರೆಟ್ಟನ್ನು, ಅಂದರೆ ದ್ರವ ಅಳೆಯುವ ಗಾಜಿನ ಕೊಳವೆಯನ್ನು, ತುಂಬುವ ಮೊದಲು ಅದೇ ದ್ರಾವಣದಿಂದ ಗಲಬರಿಸುತ್ತೇವಲ್ಲ, ಇಲ್ಲಿಯೂ ಅರ್ಧ ಚಮಚ ಆಫ್ಟರ್‌ಶೇವ್ ಹಾಕಿ ಶೀಶೆಯನ್ನು ತಿರುಗಿಸಿ ಚೆಲ್ಲಿಬಿಡುತ್ತೇನೆ. ಇದು ನಷ್ಟವೆಂದು ನನಗೆ ಅನಿಸುವುದಿಲ್ಲ.

ಸುರಿಯುವ ದಿನ ದೇವರ ದೀಪ ಆರಿದ ಮೇಲೆಯೇ ಕೆಲಸಕ್ಕೆ ಕೂರುವುದು. ನಮ್ಮ ಅಡುಗೆಮನೆಯ ಮೂಲೆಯಲ್ಲೇ ದೇವರ ಕಟ್ಟೆ ಇದೆ, ಪಕ್ಕದಲ್ಲಿ ಗ್ಯಾಸ್ ಒಲೆ. ಶುದ್ಧ ಎಥನಾಲಿನ, ಅಂದರೆ ಆಫ್ಟರ್‌ಶೇವಿನಲ್ಲಿರುವ ಆಲ್ಕೋಹಾಲಿನ, ಆವಿ 13 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನೀರು ಬೆರೆತ ಆಫ್ಟರ್‌ಶೇವಿಗೆ ಆ ಮಟ್ಟ ಸ್ವಲ್ಪ ಮೇಲಿದ್ದರೂ ನಮ್ಮೂರಿನ ಸೆಕೆಯ ದಿನಗಳು ಅದನ್ನು ಸುಲಭವಾಗಿ ದಾಟುತ್ತವೆ. ಆ ಆವಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಮೇಲೇರಿ ಹೋಗದೆ ಕಟ್ಟೆಯ ಮೇಲೆಯೇ ಹರಡಿಕೊಳ್ಳುತ್ತದೆ. ಕಿಟಕಿ ತೆರೆದು, ಊದುಬತ್ತಿಯನ್ನೂ ತೆಗೆದಿಟ್ಟು, ಊಟದ ಮೇಜಿನ ಮೇಲೆ ತಟ್ಟೆಯೊಂದನ್ನಿಟ್ಟು ಅದರೊಳಗೆ ಶೀಶೆಗಳನ್ನು ನಿಲ್ಲಿಸುತ್ತೇನೆ.

ಆಲಿಕೆಯನ್ನು ಶೀಶೆಯ ಕಂಠಕ್ಕೆ ಬಿಗಿಯಾಗಿ ಒತ್ತಿದರೆ ಒಳಗಿನ ಗಾಳಿಗೆ ಹೊರಬರಲು ದಾರಿಯಿರುವುದಿಲ್ಲ, ದ್ರವ ಆಲಿಕೆಯಲ್ಲೇ ನಿಂತು ಆಮೇಲೆ ಒಮ್ಮೆಲೇ ಗಳಕ್ಕನೆ ಇಳಿದು ಉಕ್ಕುತ್ತದೆ. ಮಡಿಸಿದ ಕಾಗದದ ಒಂದು ಎಳೆಯನ್ನು ಆಲಿಕೆಗೂ ಕಂಠಕ್ಕೂ ನಡುವೆ ಸಿಕ್ಕಿಸಿದರೆ ಸರಾಗವಾಗಿ ಇಳಿಯುತ್ತದೆ. ಕಂಠದವರೆಗೆ ತುಂಬುವುದಿಲ್ಲ. ಬಿಸಿಗೆ ಎಥನಾಲು ನೀರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಹಿಗ್ಗುತ್ತದೆ, ಹತ್ತು ಡಿಗ್ರಿ ಏರಿದರೆ ನೂರಕ್ಕೆ ಒಂದು ಪಾಲಿನಷ್ಟು. ಮೇ ತಿಂಗಳ ಮಧ್ಯಾಹ್ನ ಮುಚ್ಚಳದ ಸುತ್ತ ಜಿನುಗುವುದು ಇದರಿಂದ. ಒಂದು ಬೆರಳಿನಗಲ ಬಿಟ್ಟರೆ ಸಾಕು.

ಇನ್ನು ಚೀಟಿ. ಇದಕ್ಕೆ ನಾನು ಒಂದು ಇಡೀ ಮಧ್ಯಾಹ್ನ ಕೊಡುತ್ತೇನೆ.

ಬರೆಯುವುದು ಪೆನ್ಸಿಲಿನಲ್ಲಿ. ಬಾಲ್ ಪೆನ್, ಮಾರ್ಕರ್ ಎರಡರ ಶಾಯಿಯೂ ಆಲ್ಕೋಹಾಲಿನಲ್ಲಿ ಕರಗುತ್ತದೆ. ‘ಪರ್ಮನೆಂಟ್’ ಎಂದು ಬರೆದಿರುವ ಮಾರ್ಕರಿನ ಗುರುತನ್ನು ಗಾಜಿನಿಂದ ಅಳಿಸಲು ನಾವು ಸ್ಪಿರಿಟ್ಟನ್ನೇ ಬಳಸುತ್ತಿದ್ದೆವು. ಪೆನ್ಸಿಲಿನ ಗ್ರಾಫೈಟ್ ನೀರಿಗೂ ಕರಗುವುದಿಲ್ಲ, ಆಲ್ಕೋಹಾಲಿಗೂ ಕರಗುವುದಿಲ್ಲ. ಹನ್ನೊಂದನೆಯ ತರಗತಿಯ ಮಕ್ಕಳು ಕಾಗದದ ಕ್ರೊಮಟೋಗ್ರಫಿ, ಅಂದರೆ ಬೆರೆತ ಬಣ್ಣಗಳನ್ನು ಕಾಗದದ ಮೇಲೆ ಬೇರೆ ಬೇರೆ ಮಾಡುವ ಪ್ರಯೋಗ, ಮಾಡುವಾಗ ಕೆಳಗಿನ ಗೆರೆಯನ್ನು ಪೆನ್ನಿನಲ್ಲಿ ಎಳೆದುಬಿಟ್ಟು, ಗೆರೆಯೇ ಬಣ್ಣ ಬಣ್ಣವಾಗಿ ಮೇಲೇರುವುದನ್ನು ಕಂಡು ಬೆಚ್ಚುತ್ತಿದ್ದರು. ಪೆನ್ಸಿಲಿನ ಗೆರೆ ಮಾತ್ರ ಇದ್ದಲ್ಲೇ ಇರುತ್ತಿತ್ತು. 6ಬಿ ಪೆನ್ಸಿಲು ಕಪ್ಪಾಗಿ ಬರುತ್ತದೆ. ಅಕ್ಷರದ ಎತ್ತರ ಒಂದು ಸೆಂಟಿಮೀಟರಿಗೆ ಕಡಿಮೆಯಿರಬಾರದು. ಮಾವನವರು ಕನ್ನಡಕವಿಲ್ಲದೆ ಒಂದು ಮೊಳ ದೂರದಿಂದ ಓದಿದರೆ ಮಾತ್ರ ಆ ಚೀಟಿಯನ್ನು ಅಂಟಿಸುತ್ತೇನೆ.

ಅಂಟಿಗೆ ಮೈದಾ ಗಂಜಿ. ಅಂಗಡಿಯ ಅಂಟು ಬಲವಾಗಿ ಹಿಡಿಯುತ್ತದೆ ನಿಜ, ಆದರೆ ಅದೇ ಶೀಶೆಯನ್ನು ಮತ್ತೆ ಮತ್ತೆ ಬಳಸಬೇಕಾದಾಗ ನೆನೆಸಿ ಬಿಡಿಸಲು ಬರುವ ಅಂಟೇ ಬೇಕು. ಮಳೆಗಾಲದಲ್ಲಿ ಬರೀ ಮೈದಾಗೆ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಪುಸ್ತಕ ಕಟ್ಟುವವರು ಹುಳು ಬಾರದಂತೆ ಮೈಲುತುತ್ತ ಹಾಕುವುದುಂಟು, ಅದು ವಿಷವಾದ್ದರಿಂದ ಅಡುಗೆಮನೆಗೆ ತರಲು ನಾನು ಒಪ್ಪುವುದಿಲ್ಲ. ಅದರ ಬದಲು ಪಟಿಕವನ್ನು ಕುಟ್ಟಿ ಒಂದು ಚಿಟಿಕೆ ಹಾಕುತ್ತೇನೆ. ಆಫ್ಟರ್‌ಶೇವ್ ಬರುವುದಕ್ಕೆ ಮೊದಲು ಕ್ಷೌರಿಕರು ಕೆನ್ನೆಗೆ ತಿಕ್ಕುತ್ತಿದ್ದ, ಇಲ್ಲಿನವರು ತುರಟಿ ಎನ್ನುವ ಕಲ್ಲು ಅದು. ಮಾವನವರ ದಾಡಿಯ ಡಬ್ಬಿಯಲ್ಲಿ ಇನ್ನೂ ಒಂದು ತುಂಡಿದೆ, ಗಾಯವಾದರೆ ಒತ್ತಿಕೊಳ್ಳಲು. ಅದರದೇ ಮೂಲೆಯಿಂದ ನನಗೆ ಬೇಕಾದಷ್ಟು ಕೆರೆದುಕೊಳ್ಳುತ್ತೇನೆ. ಪಟಿಕದ ಹುಳಿ ಹತ್ತಾರು ವರ್ಷಗಳಲ್ಲಿ ಕಾಗದವನ್ನು ಕೆಡಿಸುತ್ತದೆ, ಆರು ತಿಂಗಳ ಚೀಟಿಗೆ ಅದರಿಂದ ತೊಂದರೆಯಿಲ್ಲ.

ಅಂಟಿ ಒಣಗಿದ ಮೇಲೆ ಮೋಂಬತ್ತಿಯ ಮೇಣವನ್ನು ಬಿಸಿನೀರಿನ ಬಟ್ಟಲಲ್ಲಿ ಕರಗಿಸಿ ಬ್ರಷ್ಷಿನಿಂದ ತೆಳ್ಳಗೆ ಸವರಬೇಕು, ಚೀಟಿಯ ಅಂಚನ್ನು ದಾಟಿ ಗಾಜಿನ ಮೇಲೂ ಒಂದೆಳೆ ಬರುವಂತೆ. ಆ ಮೇಣಕ್ಕೆ ಆಲ್ಕೋಹಾಲು ತಾಗಿದರೂ ಕರಗುವುದಿಲ್ಲ, ನೀರು ನಿಲ್ಲುವುದಿಲ್ಲ. ಸೆಲ್ಲೋ ಟೇಪನ್ನು ಎರಡು ಸಲ ಪ್ರಯತ್ನಿಸಿ ಕೈಬಿಟ್ಟೆ. ಅಂಚಿನಿಂದ ಒಳಗೆ ನುಗ್ಗಿದ ಹನಿ ಅದರ ಗೋಂದನ್ನು ಕರಗಿಸಿ ಕೊಳೆ ಹಿಡಿಸುತ್ತದೆ. ಇನ್ನೊಂದು ಅಭ್ಯಾಸವನ್ನು ಮಾವನವರಿಗೂ ಹೇಳಿಕೊಟ್ಟಿದ್ದೇನೆ: ಸುರಿಯುವಾಗ ಚೀಟಿ ಅಂಗೈಯ ಕಡೆಗಿರಬೇಕು. ಹೀಗೆ ಹಿಡಿದರೆ ಕಂಠದಿಂದ ಇಳಿಯುವ ಹನಿ ಚೀಟಿಯಿಲ್ಲದ ಬದಿಯಲ್ಲಿ ಹರಿಯುತ್ತದೆ. ಅವರು ಮೂರನೆಯ ದಿನದಿಂದಲೇ ಹಾಗೆ ಹಿಡಿಯಲು ಕಲಿತರು.

ಚೀಟಿಯ ಮೇಲೆ ಮೊದಲ ಸಾಲು, ದಪ್ಪ ಅಕ್ಷರದಲ್ಲಿ: ‘ದಾಡಿ ಆದ ಮೇಲೆ ಹಚ್ಚುವುದು’. ಎರಡನೆಯದು: ‘ಕುಡಿಯಬಾರದು’. ಅದರ ಕೆಳಗೆ ದೇವನಾಗರಿಯಲ್ಲಿ ಅದೇ ಮಾತು ಮರಾಠಿಯಲ್ಲಿ, ‘ಪಿಣ್ಯಾಸಾಠೀ ನಾಹೀ’ ಎಂದು. ಇದನ್ನು ಮೊದಲ ಬಾರಿ ನಾನು ಬರೆದಿರಲಿಲ್ಲ. ನಮ್ಮ ಮೊಮ್ಮಗನಿಗೆ ಮನೆಯಲ್ಲಿ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಅಕ್ಷರ ಬಾರದು. ಮನೆಗೆಲಸಕ್ಕೆ ಬರುವ ಹೆಂಗಸಿಗೆ ಮರಾಠಿ ಮಾತ್ರ ಓದಲು ಬರುತ್ತದೆ, ಕಪಾಟು ಒರೆಸುವವರು ಅವರೇ. ಮುಂಬಯಿಯ ಕನ್ನಡದ ಮನೆಯಲ್ಲಿ ಒಂದೇ ಲಿಪಿಯ ಎಚ್ಚರಿಕೆ ಅರ್ಧ ಮನೆಗೆ ಮಾತ್ರ ತಲುಪುತ್ತದೆ. ಹಿಂಬದಿಯ ಸಣ್ಣ ಚೀಟಿಯಲ್ಲಿ ಮೂಲ ಬಾಟಲಿಯ ಕಂಪನಿಯ ಹೆಸರು, ಬ್ಯಾಚ್ ಸಂಖ್ಯೆ, ಯಾವ ತಿಂಗಳೊಳಗೆ ಬಳಸಬೇಕೆಂಬುದು, ಒಳಗಿರುವ ವಸ್ತುಗಳ ಪಟ್ಟಿಯಲ್ಲಿ ಮೊದಲ ನಾಲ್ಕು, ಮತ್ತು ನಾನು ತುಂಬಿಸಿದ ದಿನಾಂಕ. ಚರ್ಮ ಕೆಂಪಾದರೆ ವೈದ್ಯರು ಮೊದಲು ಕೇಳುವುದು ಇದನ್ನೇ. ದೊಡ್ಡ ಬಾಟಲಿಯನ್ನು ರದ್ದಿಗೆ ಹಾಕಿದ ಮೇಲೆ ಈ ವಿವರ ಬೇರೆಲ್ಲೂ ಸಿಗುವುದಿಲ್ಲ. ಹಳೆಯದು ತಳದಲ್ಲಿರುವಾಗ ಅದರ ಮೇಲೆ ಹೊಸ ಬ್ಯಾಚು ಸುರಿಯುವುದಿಲ್ಲ, ಏಕೆಂದರೆ ಆಗ ಚೀಟಿಯ ಮೇಲಿನ ದಿನಾಂಕ ಯಾವುದಕ್ಕೂ ಸಲ್ಲುವುದಿಲ್ಲ.

ಕೊನೆಯದಾಗಿ ಕಂಠಕ್ಕೆ ಹತ್ತಿಯ ದಪ್ಪ ದಾರವನ್ನು ಮೂರು ಸುತ್ತು ಸುತ್ತಿ ಗಂಟು ಹಾಕುತ್ತೇನೆ. ಕತ್ತಲೆಯಲ್ಲಿ ಬೆರಳು ಮೊದಲು ಹೋಗುವುದು ಅಲ್ಲಿಗೆ. ದಾರವಿರುವ ಯಾವ ಶೀಶೆಯೂ ಬಾಯಿಗಲ್ಲ ಎಂಬುದು ಈಗ ನಮ್ಮ ಮನೆಯ ನಿಯಮ. ಫಿನೈಲಿಗೂ, ದೀಪದ ಎಣ್ಣೆಗೂ ದಾರ ಬಂದಿದೆ.

ನಮ್ಮ ಮಹಡಿಯ ಗೆಳತಿಯೊಬ್ಬರು ಈ ಶೀಶೆಗಳನ್ನು ನೋಡಿ, ಕನ್ನಡ ಸಂಘದ ಮೇಳದಲ್ಲಿ ಮಾರಾಟಕ್ಕೆ ಇಡೋಣ ಎಂದು ಬಹಳ ಪ್ರೀತಿಯಿಂದ ಹೇಳಿದರು. ನಾನು ಒಪ್ಪಲಿಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯಲ್ಲಿ ‘ತಯಾರಿಕೆ’ ಎಂಬ ಮಾತಿಗೆ ಕೊಟ್ಟಿರುವ ಅರ್ಥದೊಳಗೆ, ಮಾರುವ ಅಥವಾ ಹಂಚುವ ಉದ್ದೇಶದಿಂದ ತುಂಬುವುದೂ ಚೀಟಿ ಅಂಟಿಸುವುದೂ ಸೇರಿವೆ. ಅದಕ್ಕೆ ಪರವಾನಗಿ ಬೇಕು. ನನಗೆ ಆ ಕಾಯಿದೆ ಸರಿಯೆಂದೇ ತೋರುತ್ತದೆ. ನನ್ನ ಮಾವನವರಿಗೆ ಏನು ಒಗ್ಗುವುದಿಲ್ಲವೆಂದು ನನಗೆ ಗೊತ್ತು, ಮೇಳಕ್ಕೆ ಬರುವ ಅಪರಿಚಿತರ ಚರ್ಮದ ಬಗ್ಗೆ ನನಗೇನು ಗೊತ್ತು? ತೊಳೆಯುವ, ಚೀಟಿ ಬರೆಯುವ ವಿಧಾನವನ್ನು ಮಾತ್ರ ಅವರಿಗೆ ಹೇಳಿಕೊಟ್ಟೆ, ಅವರು ಈಗ ತಮ್ಮ ಯಜಮಾನರಿಗೆ ಮಾಡಿಕೊಡುತ್ತಾರೆ.

ಈ ವರ್ಷದ ಮೊದಲ ಶೀಶೆಯನ್ನು ಜೂನ್ 9ರಂದು ತುಂಬಿಸಿದೆ. ಮಳೆ ಹಿಡಿದು ಐದು ವಾರವಾದರೂ ಚೀಟಿಯ ಅಂಚು ಎದ್ದಿಲ್ಲ, ಎಡಬದಿಯಲ್ಲಿ ಮೇಣ ತುಸು ದಪ್ಪವಾಗಿ ‘ಹಚ್ಚುವುದು’ ಎಂಬುದರ ಒತ್ತಕ್ಷರ ಮಬ್ಬಾಗಿ ಕಾಣುತ್ತದೆ, ಮುಂದಿನ ಬಾರಿ ಅದನ್ನು ಸರಿಪಡಿಸಬೇಕು. ಮಾವನವರ ಕಣ್ಣಿನ ಪೊರೆ ತೆಗೆದಾಗಿದೆ. ಈಗ ಚೀಟಿ ಸ್ಪಷ್ಟವಾಗಿ ಕಂಡರೂ ಶೀಶೆಯನ್ನು ಎತ್ತಿಕೊಂಡಾಗ ಅವರ ಹೆಬ್ಬೆರಳು ಮೊದಲು ಕಂಠದ ದಾರವನ್ನು ಮುಟ್ಟುತ್ತದೆ, ಆಮೇಲೆ ಚೀಟಿಯನ್ನು ಅಂಗೈಯೊಳಕ್ಕೆ ತಿರುಗಿಸಿಕೊಂಡು ಸುರಿದುಕೊಳ್ಳುತ್ತಾರೆ.